ಞಕಾರಕ್ಕೆ ಕೆಲಸ ಸಿಕ್ಕಿದ್ದು

ನಮ್ಮ ಅಕ್ಷರಮಾಲೆಯ ಪಟದಲ್ಲಿ
ಅ-ಕ್ಕೆ ಅಳಿಲು, ಜ-ಕ್ಕೆ ಜಡೆ.
ಞ-ದ ಚೌಕದಲ್ಲಿ ಚಿತ್ರವೇ ಇರಲಿಲ್ಲ.
ಜ್ಞಾನದ ಕಾಲಡಿ ಒತ್ತಕ್ಷರವಾಗಿ ಬಾಗಿ ನಿಂತದ್ದು ಬಿಟ್ಟರೆ
ಸ್ವಂತ ಉದ್ಯೋಗವಿಲ್ಲದ ಅಕ್ಷರ.
ಅದನ್ನು ನಾನು ಮತ್ತೆ ಕಂಡದ್ದು ಪರಾಗ್ವೆಯಲ್ಲಿ.

ಕೆಂಪು ಮಣ್ಣಿನ ಊರು. ಶಾಲೆಗೆ ಹನ್ನೊಂದು ಕಂಪ್ಯೂಟರು.
ಪರೀಕ್ಷೆಯ ದಿನ, ಭಿನ್ನರಾಶಿ ಅರ್ಧ ಮುಗಿದಿರುವಾಗ,
ಹನ್ನೊಂದೂ ಪರದೆಯ ಮೇಲೆ ಒಂದೇ ಚೌಕ:
ನಮ್ಮ ತಂತ್ರಾಂಶದ ನಿಮ್ಮ ಅವಧಿ ಮುಗಿಯಿತು. ಹಣ ಕಟ್ಟಿ.
ಎಲಾದಿಯಾ ಮೇಡಂ ಮೂಲೆಯ ಗುಣಾಕಾರ ಚಿಹ್ನೆ ಒತ್ತಿದರು,
ಮತ್ತೆ ಒತ್ತಿದರು,
ಆಮೇಲೆ ಚೀಲದಿಂದ ಸೀಮೆಸುಣ್ಣ ತೆಗೆದರು.

ಶನಿವಾರ ದೆರ್ಲಿಸ್ ಬಂದ. ಬೈಕ್ ರಿಪೇರಿಯವನು,
ಅವರದೇ ಹಳೆಯ ಶಿಷ್ಯ, ಗಣಿತದಲ್ಲಿ ಎರಡು ಸಲ ಡುಮ್ಕಿ.
ಉಗುರಿನಲ್ಲಿ ಗ್ರೀಸು, ಕೈಯಲ್ಲಿ ಪೆನ್‌ಡ್ರೈವು.
ಎಷ್ಟು ಇದಕ್ಕೆ?
ಏನಿಲ್ಲ.
ಕದ್ದದ್ದಾ?
ಅಲ್ಲ ಮೇಡಂ. ಮುಚ್ಚಳ ತೆಗೆದರೆ ಒಳಗೆಲ್ಲ ಕಾಣುತ್ತೆ.
ಕೆಟ್ಟರೆ ಬಿಚ್ಚಬಹುದು. ಬಿಚ್ಚಿದ್ದನ್ನು
ಇನ್ನೊಬ್ಬರಿಗೆ ತೋರಿಸಿದರೆ ಯಾರೂ ಬಯ್ಯಲ್ಲ.

ಸುಳ್ಳೇಕೆ, ಮೂರು ವಾರ ಪ್ರಿಂಟರು ಮಾತಾಡಲಿಲ್ಲ.
ಮಾತಾಡಿದಾಗ ಎಲ್ಲವನ್ನೂ ತಲೆಕೆಳಗಾಗಿ ಹೇಳಿತು.

ಇನ್ನೊಂದು ತೊಡಕು: ಒಳಗೆಲ್ಲ ಸ್ಪ್ಯಾನಿಷ್.
ಮಕ್ಕಳು ಅಳುವುದು, ಬಯ್ಯುವುದು, ಕನಸು ಕಾಣುವುದು ಗ್ವಾರಾನಿಯಲ್ಲಿ.
ಬಿಚ್ಚಬಹುದಾದರೆ ಬಿಚ್ಚೋಣ, ಅಂದರು ಮೇಡಂ.
ಮಾವಿನ ಮರದಡಿ ಕೂತರು ಪದ ಹುಡುಕಲು.
ತಣ್ಣನೆಯ ತೆರೆರೆ ಸುತ್ತು ಬಂತು, ಒಂದೇ ಕೊಂಬಿನ ಲೋಟ, ಒಂದೇ ನಳಿಕೆ.
ಚಿಪಾ ರೊಟ್ಟಿ ಮಾರುವ ಒಬ್ದುಲಿಯಾ ಬುಟ್ಟಿ ಇಳಿಸಿದಳು.
ಹಿರಿಯಳು, ಆದ್ದರಿಂದ ಎಲ್ಲರಿಗೂ ‘ಞಾ ಒಬ್ದುಲಿಯಾ’.
(ನೋಡಿದಿರಾ, ಞ ಬಂದು ಗೌರವದ ಜಾಗದಲ್ಲಿ ಕೂತಿತು.)

‘ಉಳಿಸು’ ಎನ್ನಲು?
ಞೊಂಗತು, ಅಂದಳು. ಬೆಕ್ಕಿಗೆ ಸಿಗದ ಹಾಗೆ ಗಿಣ್ಣು ಎತ್ತಿಡುತ್ತೀವಲ್ಲ, ಅದು.
‘ಅಳಿಸು’?
ಮ್ಬೊಗೆ. ಒಲೆ ಆರಿಸುವ ಮಾತು.
ಬೂದಿ ಕೊಂಚ ಹೊತ್ತು ಬೆಚ್ಚಗಿರುತ್ತೆ, ಬೇಕಾದರೆ ಮತ್ತೆ ಊದಬಹುದು.
ದೆರ್ಲಿಸ್ ತಲೆಯಾಡಿಸಿದ. ಕಂಪ್ಯೂಟರಿನಲ್ಲೂ ಹಾಗೇ.

ಕೊನೆಗೆ ಸ್ವಾಗತದ ಸಾಲು: ‘ಇದು ನಮ್ಮದು.’
ಅಲ್ಲಿ ಜಗಳ ಹತ್ತಿತು.
ಆ ಭಾಷೆಯಲ್ಲಿ ‘ನಾವು’ ಎರಡು.
ಒರೆ: ನಾವು, ನೀನಲ್ಲದ ನಾವು.
ಞಂದೆ: ನಾವು, ನೀನೂ ಸೇರಿದ ನಾವು.

ಏಳನೆಯ ತರಗತಿಯ ಜೆರುತಿ ಎದ್ದು ನಿಂತು ಹೇಳಿದಳು,
ಪರೀಕ್ಷೆಯ ದಿನ ಬಂದ ಚೌಕವೂ ‘ನಮ್ಮ’ ಅಂದಿತ್ತು.
ಅದು ಒರೆ. ಇದಕ್ಕೆ ಞಂದೆ ಬರೀಬೇಕು.
ಮೇಡಂ ಹಿಂಜರಿದರು: ಓದುವವನು ಯಾರೋ ಏನೋ.
ಗುರುತಿಲ್ಲದವನನ್ನು ಹೇಗೆ ಸೇರಿಸೋದು?

ಞಾ ಒಬ್ದುಲಿಯಾ ಬುಟ್ಟಿಯ ಬಟ್ಟೆ ಸರಿಪಡಿಸುತ್ತ,
ಚಿಪಾಗೆ ನಾನು ದುಡ್ಡು ತಗೋತೀನಿ.
ಮಾಡೋ ಬಗೆ ಕೇಳಿದವರಿಗೆಲ್ಲ ಹೇಳಿದೀನಿ.
ಅವರ ಹೆಸರು ಕೇಳಿಲ್ಲ, ಅಂದಳು.

ಪಕ್ಕದ ತೆಲುಗಿಗೂ ಇವೆ ಇಂಥ ಎರಡು.
ನನ್ನ ಕನ್ನಡದಲ್ಲಿ ಉಳಿದದ್ದು ಒಂದೇ ‘ನಾವು’.
ಒರೆ ಅಂದರೆ ನಮಗೆ ಕತ್ತಿಯನ್ನು ಮುಚ್ಚಿಡುವ ಚೀಲ.
ಚಿನ್ನವನ್ನು ತಿಕ್ಕಿ ನೋಡುವ ಕಲ್ಲೂ ಅದೇ.
ಮೊದಲ ಸಾಲಿನಲ್ಲೇ ‘ನಮ್ಮ’ ಎಂದು ಬರೆದುಬಿಟ್ಟಿದ್ದೇನೆ.
ಯಾವುದು ಅಂತ ಕೇಳಬೇಡಿ, ತಿಕ್ಕಿ ನೋಡಿ.

ಸೋಮವಾರ ಜೆರುತಿ ಟೈಪು ಮಾಡಲು ಕೂತಳು.
ಯಾವುದೋ ದೇಶ ದಾನ ಕೊಟ್ಟ ಕೀಲಿಮಣೆ,
ಅದರಲ್ಲಿ ಆ ಅಕ್ಷರವೇ ಇಲ್ಲ.
ದೆರ್ಲಿಸ್ ಅರ್ಧವಿರಾಮದ ಕೀಲಿಗೆ
ಬಿಳಿ ಪಟ್ಟಿ ಅಂಟಿಸಿ, ಪೆನ್ನಿನಲ್ಲಿ ಗೀಚಿ,
ಗ್ರೀಸಿನ ಬೆರಳಿಂದ ಒತ್ತಿ ಹಿಡಿದ, ಅಂಟು ಒಣಗುವ ತನಕ.