ಪೋರ್ಟ್ ಪಿರಿಯಲ್ಲಿ ಪೋಡಿ

ಶುಕ್ರವಾರ, ಸಂಜೆ ಐದೂವರೆ.
ಸೀಸ ಕರಗಿಸುವ ಕಾರ್ಖಾನೆಯ ಚಿಮಣಿಗೆ ಬೆನ್ನು ಹಾಕಿ ನಡೆದರೆ
ಎವ್ದೋಕಿಯಾಳ ಅಂಗಡಿ. ಬಾಗಿಲಿಗೆ ಪ್ಲಾಸ್ಟಿಕ್ ಪಟ್ಟಿಗಳ ಪರದೆ,
ನೊಣ ಬಾರದಿರಲೆಂದು. ನೊಣಗಳಿಗೆ ಅದು ಗೊತ್ತಿಲ್ಲ.

ನನ್ನ ಮುಂದೆ ನಿಂತವನು ಸಿಡ್ನಿಯವನು,
ಕಾರಿನ ನೆತ್ತಿಯ ಮೇಲೆ ದೋಣಿ.
"ನಾಲ್ಕು ಸ್ಕ್ಯಾಲಪ್" ಅಂದ.
"ಇಲ್ಲ" ಅಂದಳು ಎವ್ದೋಕಿಯಾ,
ಗಾಜಿನ ಪೆಟ್ಟಿಗೆಯಲ್ಲಿ ಎಂಟು ಕೂತಿರುವಾಗಲೇ.
ಅವನು ಬೆರಳು ತೋರಿದ.
"ಓ, ಅದಾ? ಅದು ಫ್ರಿಟರ್."
ನನ್ನ ಹಿಂದಿನ ಹೆಂಗಸು ಮೆಲ್ಬರ್ನ್ ಕಡೆಯವಳಿರಬೇಕು,
"ಪೊಟೇಟೊ ಕೇಕ್" ಎಂದು ಗೊಣಗಿದಳು,
ಯಾರಿಗೂ ಹೇಳದ ಹಾಗೆ, ಎಲ್ಲರಿಗೂ ಕೇಳುವ ಹಾಗೆ.
ಒಂದು ಬಿಲ್ಲೆ ಆಲೂಗಡ್ಡೆ, ಅದಕ್ಕೊಂದು ಹಿಟ್ಟಿನ ಅಂಗಿ.
ಇಷ್ಟಕ್ಕೆ ಮೂರು ರಾಜ್ಯ, ಮೂರು ಹೆಸರು, ಮೂರು ಮುಖ ಕೆಂಪು.

ನಾನು ನಗಲಿಲ್ಲ. ಈ ವ್ಯಾಜ್ಯ ನನಗೆ ಹಳೆಯದು.
ಗದಗಿನವನು ನಾನು, ನನಗದು ಭಜಿ.
ಮೂಲ್ಕಿಯ ವಾರಿಜಾಳಿಗೆ ಪೋಡಿ.
ಮದುವೆಯಾದ ಹನ್ನೊಂದನೆಯ ದಿನ, ಮೈಸೂರಿನ ಬಾಡಿಗೆ ಮನೆಯಲ್ಲಿ,
"ಪೋಡಿ ಅಂದ್ರ ಏನ? ಪುಡೀನೋ?" ಅಂತ ಕೇಳಿಬಿಟ್ಟೆ.
ಅವಳು ಒಲೆ ಆರಿಸಿದಳು.
ಬಾಣಲೆಯಲ್ಲಿ ಅರೆಬೆಂದ ಈರುಳ್ಳಿ, ನಡುವೆ ನಾವಿಬ್ಬರು.
ಓನರಮ್ಮ ಕಿಟಕಿಯಲ್ಲಿ ಇಣುಕಿ
"ಏನಮ್ಮಾ, ಬಜ್ಜಿ ಘಮಘಮ ಅಂತಿದೆ!" ಅಂದರು.
ಆ ರಾತ್ರಿ ನಾವು ಉಂಡದ್ದು ಬ್ರೆಡ್ಡು.

ರೈಲು ಎಂಜಿನ್ನಿನ ರಿಪೇರಿ ನನ್ನ ಕೆಲಸ. ಚರಿತ್ರೆ ನನಗೆ
ಊಟದ ಬಿಡುವಿನಲ್ಲಿ ಗ್ರೀಸು ಬೆರಳಿನಿಂದ ಪುಟ ತಿರುವಿದಷ್ಟೇ.
ಮಾಂಸ ಮುಟ್ಟದ ವ್ರತದ ದಿನಗಳಲ್ಲಿ ಪೋರ್ಚುಗೀಸರು
ಹುರುಳಿಕಾಯಿಯನ್ನು ಹಿಟ್ಟಿಗದ್ದಿ ಕರಿದು
ಮರಿಮೀನು ಅಂತ ಕರೆದು ಸಮಾಧಾನಪಟ್ಟರಂತೆ.
ಅದೇ ಹಡಗು ಹತ್ತಿ ಜಪಾನಿಗೆ ಹೋಗಿ
ಮೈ ಇಳಿಸಿಕೊಂಡು ಟೆಂಪುರಾ ಆಯಿತಂತೆ.
ಒಲೆ ಹಚ್ಚಬಾರದ ಶನಿವಾರಕ್ಕೆಂದು
ಯಹೂದಿಗಳು ಹಿಂದಿನ ದಿನವೇ ಕರಿದಿಟ್ಟ ತಣ್ಣನೆ ಮೀನು
ಲಂಡನ್ನಿನ ಬೀದಿಗೆ ಬಂದು ಬಿಸಿಯಾಯಿತು.
ಯುದ್ಧ ಬಂತು, ಡಬ್ಬಿಯ ಮಾಂಸಕ್ಕೂ ಅಂಗಿ ತೊಡಿಸಿದರು.

ಇನ್ನು ಆ ಅಲಸಂದೆ. ಆಫ್ರಿಕದ ದಂಡೆಯಲ್ಲಿ
ನೆನೆಸಿ, ಸಿಪ್ಪೆ ಉಜ್ಜಿ, ರುಬ್ಬಿ, ಕೆಂಪೆಣ್ಣೆಗೆ ಬಿಡುವ ಅಕರಾ.
ಸಂಕೋಲೆ ಹಾಕಿ ಹಡಗಿನ ತಳಕ್ಕೆ ಇಳಿಸಿದವರ ಬಳಿ
ಬಾಣಲೆ ಇರಲಿಲ್ಲ. ಕಾಳಿರಲಿಲ್ಲ. ಗಂಟುಮೂಟೆ ಇರಲಿಲ್ಲ.
ಬ್ರೆಜಿಲಿನ ಬೀದಿಯಲ್ಲಿ ಅವರ ಮರಿಮಕ್ಕಳು
ಇವತ್ತಿಗೂ ಆ ಹೆಸರು ಹಿಡಿದೇ ಮಾರುತ್ತಾರೆ.
ಓದಿದ ದಿನ ಡಬ್ಬಿಯ ಚಪಾತಿ ತಣ್ಣಗಾಗಿತ್ತು.
ಹೆಸರಿಗೆ ತೂಕವಿಲ್ಲ;
ಜಡತಿ ಮಾಡಿದರೂ ಸಿಗುವುದಿಲ್ಲ.

ಅಂದೇ ಇನ್ನೊಂದು ಪೆಟ್ಟು:
ನನ್ನ ಭಜಿಯ ಮೆಣಸಿನಕಾಯಿ ನನ್ನದಲ್ಲ,
ಅದೂ ಕಡಲು ದಾಟಿ ಬಂದದ್ದು. ಆಲೂಗಡ್ಡೆಯೂ.
ಕಡಲೆ ಕೂಡ ಎಲ್ಲಿಂದಲೋ ನಡೆದು ಬಂದದ್ದಂತೆ.
ಗದಗಿನ ಸ್ಟೇಶನ್ ರೋಡಿನಲ್ಲಿ ನಮ್ಮದೆಂದು ಉಳಿದದ್ದು
ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯುತ್ತಿದ್ದರೂ
"ಇನ್ನೊಂದು ಪ್ಲೇಟ್ ಕೊಡ್ರಿ" ಅನ್ನುವ ಹಟ ಒಂದೇ.

"ನಿನಗೆ?" ಎವ್ದೋಕಿಯಾ ಜಾಲರಿ ಎತ್ತಿ ಕುಟ್ಟಿದಳು.
"ಆರು ಪೋಡಿ."
ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಆಡದ ಮಾತು
ಹೇಗೆ ಜಾರಿತೋ, ಎಣ್ಣೆಯ ಸದ್ದಿನಲ್ಲಿ.
ಸಿಡ್ನಿಯವನು ತಿರುಗಿ ನೋಡಿದ. ನನ್ನ ಕಿವಿ ಬಿಸಿ.
"ಅದು ಯಾವೂರ ಹೆಸರು?"
"ಹೆಂಡತಿ ಊರಿನದು."
ಅವಳು ವಾದ ಮಾಡಲಿಲ್ಲ. ಆರು ಎಣಿಸಿದಳು,
ಉಪ್ಪು ಉದುರಿಸಿದಳು, ವಿನೆಗರ್ ಚಿಮುಕಿಸಿದಳು,
ಮೇಲೊಂದು ಇಟ್ಟು ಕಾಗದ ಮಡಚಿದಳು.
"ಈ ಏಳನೆಯದು ಅವಳಿಗೆ."

ಸಮುದ್ರದ ಗಾಳಿ, ಕಾಗದಕ್ಕೆ ಎಣ್ಣೆ ಇಳಿದು
ಒಳಗಿನದು ಮಸುಕಾಗಿ ಕಾಣತೊಡಗಿತು.
ಮನೆಗೆ ಹನ್ನೆರಡು ನಿಮಿಷ.
ಎಲ್ಲೆನ್ ಬೀದಿಯ ತಿರುವಿನಲ್ಲಿ
ಏಳನೆಯದನ್ನು ನಾನೇ ತಿಂದೆ.
ನಾಲಿಗೆ ಸುಟ್ಟಿತು. ಸುಡಬೇಕಾದದ್ದೇ.