ಪಾಳಿ ಪುಸ್ತಕ

ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ
ಹಗಲು ಪಾಳಿ ನನ್ನದು, ರಾತ್ರಿ ಇನಾಸ ಬಾಬನದು.
ಮುಖ ನೋಡುವುದು ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ,
ಬೀಗದ ಕೈ ದಾಟಿಸುವಷ್ಟು ಹೊತ್ತು.
ಉಳಿದ ಮಾತೆಲ್ಲ ಪಾಳಿ ಪುಸ್ತಕದಲ್ಲಿ.

ಮುಂದಿನಿಂದ ತೆರೆದರೆ ಉಪ್ಪುನೀರಿನ ಉಷ್ಣತೆ,
ಅಮೋನಿಯಾದ ಒತ್ತಡ, ಹೋದ ಗಡ್ಡೆ, ಒಡೆದ ಗಡ್ಡೆ.
ಹಿಂದಿನಿಂದ ತೆರೆದರೆ,
ಸಾವಕಾರರು ಎಂದೂ ತಿರುವದ ಕಡೆ,
ಯಾರದು ಯಾವ ಪುಸ್ತಕ, ಎಷ್ಟನೇ ಪುಟ.

ಶುರು ಮಾಡಿದವನು ಅವನೇ:
"ಕೋಟೆಗೆ ಮುತ್ತಿಗೆ ಬಿದ್ದು ನಲವತ್ತಮೂರು ದಿನ.
ಕುದುರೆಗಳು ಮುಗಿದವು. ಈಗ ಚರ್ಮದ ಬೆಲ್ಟು ಬೇಯಿಸುತ್ತಿದ್ದಾರೆ.
ಎರಡನೇ ಪಂಪು ನರಳುತ್ತಿದೆ, ಎಣ್ಣೆ ಹಾಕು."
ನಾನು ಬರೆದೆ:
"ಹಾಕಿದೆ. ನನ್ನವರು ಇನ್ನೂ ನಡುಗಡಲಲ್ಲಿ.
ಮುಳುಗಿದ ಹಡಗಿನ ಗಂಟೆ ಹುಡುಕಿ ಹೊರಟವರು,
ಮೂವರಲ್ಲಿ ಒಬ್ಬನಿಗೆ ಈಜು ಬರುವುದಿಲ್ಲ, ಹೇಳಿಲ್ಲ."

ನನ್ನ ಪುಸ್ತಕ ಕೋಡಿಬಾಗದ ರದ್ದಿಯಂಗಡಿಯದು, ಕಿಲೋ ಲೆಕ್ಕ.
ಪುಟದ ಗುರುತಿಗೆ ಒಣಗಿದ ಇಸವಣದ ಪೊರೆ.
ಅವನ ಪುಸ್ತಕಗಳಿಗೆ ಖಾಕಿ ಹೊದಿಕೆ,
ಅಂಚಿನಲ್ಲಿ ಪೆನ್ಸಿಲ್ಲಿನ ಸಣ್ಣ ಸಣ್ಣ ಪ್ರಶ್ನಾರ್ಥಕ.

ಒಮ್ಮೆ ಬರೆದುಬಿಟ್ಟೆ:
"ಯುದ್ಧ ಕಂಡವನು ಮತ್ತೆ ಯುದ್ಧವನ್ನೇ ಯಾಕೆ ಓದುತ್ತೀ?"
ನಾಲ್ಕು ದಿನ ಬರೀ ಉಷ್ಣತೆ.
ಐದನೇ ದಿನ:
"ಎಪ್ಪತ್ತೊಂದರಲ್ಲಿ ನಾನು ಹಡಗಿನ ಅಡುಗೆಮನೆಯಲ್ಲಿದ್ದೆ.
ಆ ರಾತ್ರಿ ದಪ್ಪ ಪುಸ್ತಕದಲ್ಲಿ ಒಂದೂವರೆ ಪುಟ.
ನನ್ನ ಲೆಕ್ಕದಲ್ಲಿ ಹದಿನೆಂಟು ಕಿಲೋ ಈರುಳ್ಳಿ.
ಬೆಳಿಗ್ಗೆ ತಾಟುಗಳು ಉಳಿದವು. ಏಳು.
ಯಾರಾದರೂ ಎಲ್ಲಾದರೂ ಬರೆದಿದ್ದಾರೋ ಎಂದು ಹುಡುಕುತ್ತೇನೆ,
ತಾಟು ಎಣಿಸಿದವನ ಸಂಗತಿ."
ಯಾವ ಹಡಗು ಎಂದು ಬರೆಯಲಿಲ್ಲ. ನಾನೂ ಕೇಳಲಿಲ್ಲ.

ಮಾರ್ಚಿನಲ್ಲಿ ನಮ್ಮ ಅರಗಾಕ್ಕೆ ಮೋಜಣಿಯವರು ಬಂದರು.
ತೆಂಗಿನ ಮರಕ್ಕೆ ಸುಣ್ಣದ ನಂಬರು ಹಾಕಿದರು.
ಜೀಪಿನ ಬಾನೆಟ್ಟಿನ ಮೇಲೆ ಹರಡಿದ ನಕ್ಷೆಯಲ್ಲಿ
ನಮ್ಮ ಬಾವಿಯ ಮೇಲೊಂದು ಕೆಂಪು ಗುಣಾಕಾರ.
ಕತೆಯಲ್ಲಾದರೆ ಅಲ್ಲೇ ಅಗೆಯಬೇಕು.
ಅಗೆದರೆ ಸಿಗುವುದು
ಎಂಟನೇ ವಯಸ್ಸಿನಲ್ಲಿ ನಾನು ಬೀಳಿಸಿದ ತಾಮ್ರದ ತಂಬಿಗೆ,
ಅದಕ್ಕಾಗಿ ತಿಂದ ಪೆಟ್ಟು.

ಜಾಗ ಬೇಕಾದ್ದು ಹಡಗುಗಳಿಗಂತೆ.
ಅದನ್ನು ಪಾಳಿ ಪುಸ್ತಕದಲ್ಲಿ ಹೇಗೆ ಬರೆಯಲಿ, ಅವನಿಗೆ?
ಬರೆದದ್ದು ಇಷ್ಟು:
"ಇನ್ನೂರ ಹನ್ನೆರಡರ ಮುಂದೆ ಗೆದ್ದಲು ತಿಂದಿದೆ.
ಗಂಟೆ ಸಿಕ್ಕಿತೋ ಇಲ್ಲವೋ ಇನ್ನು ಗೊತ್ತಾಗುವುದಿಲ್ಲ.
ಇಪ್ಪತ್ತು ಗಡ್ಡೆ ಬಾಕಿ."

ಮರುಬೆಳಿಗ್ಗೆ ಅವನ ಬಾಗಿದ ಅಕ್ಷರ, ಮೂರು ಪುಟ.
"ಈ ಕತೆ ನಾನು ಓದಿದ್ದೇನೆ ಶೆವಂತಿ."
ಸುಳ್ಳು. ಅವನು ಕತೆಪುಸ್ತಕ ಮುಟ್ಟುವವನಲ್ಲ.
"ಈಜು ಬಾರದವನೇ ಕೊನೆಗೆ ಇಳಿದ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು.
ಗಂಟೆ ಇತ್ತು. ಮರಳಲ್ಲಿ ಅರ್ಧ ಹೂತು, ಬಾಯಿ ಓರೆಯಾಗಿ.
ಒಳಗೆ ಒಂದು ಗೊಬ್ರಾ ಮೀನು ಸಂಸಾರ ಹೂಡಿತ್ತು, ಹಳೆಯದು,
ಕರಿಯ ಮೈ, ಮುದುಕಿಯ ತುಟಿ.
ಅವನನ್ನು ನೋಡಿತು. ಜರುಗಲಿಲ್ಲ.
ಎರಡು ಸಲ ಹಗ್ಗ ಎಳೆದ, ಮೇಲೆ ಬಂದ,
ಇಲ್ಲಿ ಏನೂ ಇಲ್ಲ ಎಂದ.
ಅವರು ನಂಬಿದರು, ಹಡಗು ತಿರುಗಿಸಿದರು."
ಕೆಳಗೆ, ಬೇರೆ ಶಾಯಿಯಲ್ಲಿ:
"ನಂಬರು ಹಾಕಿದ ಸುದ್ದಿ ಮೀನು ಮಾರುಕಟ್ಟೆಯಲ್ಲಿ ಕೇಳಿದೆ."

ಆ ಸಂಜೆ ಬೀಗದ ಕೈ ಕೊಡುವಾಗ ನಾವಿಬ್ಬರೂ
ಪಂಪಿನ ಬಗ್ಗೆ ಮಾತಾಡಿದೆವು.

ಹಿಂದಿನ ಪುಟ, ನನ್ನ ಕೈಬರಹ:
"ಈಗ ಓದುತ್ತಿರುವುದು ನಿನ್ನ ಮುತ್ತಿಗೆ, ಮೊದಲಿನಿಂದ.
ತೋಡೂರಿನಿಂದ ಬಸ್ಸಿನಲ್ಲಿ ಕೂತರೆ ದಿನಕ್ಕೆ ಹತ್ತು ಪುಟ ಆದೀತು,
ಕೂರಲು ಜಾಗ ಸಿಕ್ಕರೆ.
ಕುದುರೆಗಳು ಇನ್ನೂ ಬದುಕಿವೆ.
ಉಪ್ಪುನೀರು ಮೈನಸ್ ಒಂಬತ್ತು."