ಹತ್ತೊಂಬತ್ತು ಒಂದುಗಳು

ವಾರ್ಡೋ ದ್ವೀಪದಲ್ಲಿ ನವೆಂಬರಿನ ಕೊನೆಗೆ ಮುಳುಗಿದ ಸೂರ್ಯ
ಜನವರಿ ಅರ್ಧ ಕಳೆದ ಮೇಲೆಯೇ ಮತ್ತೆ ಮುಖ ತೋರಿಸುವುದು.
ಅಷ್ಟು ದಿನವೂ ಟೋರ್ದಿಸಳ ಅಡುಗೆಮನೆಯ ದೀಪ ಆರುವುದಿಲ್ಲ.
ಮೀನು ಕಾರ್ಖಾನೆ ಮುಚ್ಚಿದ ದಿನ ಯಾರಿಗೂ ಬೇಡವಾದ
ಏಳು ಲೆಕ್ಕದ ಪುಸ್ತಕ ಮನೆಗೆ ಹೊತ್ತು ತಂದಿದ್ದಳು.
ಒಂದು ಬದಿ ಒಣಮೀನಿನ ತೂಕ, ಮುಂಗಡ, ಕಂತು.
ಮಗ್ಗುಲ ಬದಿ ಖಾಲಿ.

ಖಾಲಿ ಬದಿಯ ನೆತ್ತಿಯಲ್ಲಿ ಈಗ ಒಂದೇ ಸಂಖ್ಯೆ:

1111111111111111111

ಮೀನು ಒಣಹಾಕುವ ಕಂಬಗಳ ಸಾಲು, ಮೀನಿಲ್ಲದೆ.

ನಾನಿದನ್ನು ನಮ್ಮ ಅಂಕಿಯಲ್ಲಿ ಬರೆದು ನೋಡಿದೆ:

೧೧೧೧೧೧೧೧೧೧೧೧೧೧೧೧೧೧೧

ಕಂಬಗಳೆಲ್ಲ ಬಾಗಿ ಅಲೆಗಳಾದವು.
ಬೆಲೆ ಮಾತ್ರ ಅಷ್ಟೇ.

ಹದಿನೆಂಟು ಒಂದುಗಳಾದರೆ ಮೂರು ಮುಟ್ಟಿದರೂ ಸಾಕು, ಒಡೆಯುತ್ತದೆ.
ಇಪ್ಪತ್ತಾದರೆ ಹನ್ನೊಂದು ಬಂದು
ಜೋಡಿ ಜೋಡಿಯಾಗಿ ಎತ್ತಿಕೊಂಡು ಹೋಗುತ್ತದೆ.
ನಡುವೆ ನಿಂತ ಇದು?

ಇದರ ಕದ ಯಾರು ಬೇಕಾದರೂ ಬಡಿಯುವಂತಿಲ್ಲ.
ಮೂವತ್ತೆಂಟರಿಂದ ಭಾಗಿಸಿದಾಗ ಒಂದು ಉಳಿಸುವ
ಅವಿಭಾಜ್ಯಕ್ಕಷ್ಟೇ ಆ ಹಕ್ಕು.
ಇಷ್ಟು ತಿಳಿಯಲು ಆಕೆಗೆ ಹೋದ ಚಳಿಗಾಲವಿಡೀ ಹಿಡಿಯಿತು.
ಈ ವಾರ ಬಡಿದವರು:
ನೂರ ತೊಂಬತ್ತೊಂದು. ಶೇಷ ಎಂಬತ್ನಾಲ್ಕು.
ಇನ್ನೂರ ಇಪ್ಪತ್ತೊಂಬತ್ತು. ಶೇಷ ನೂರ ಎಂಬತ್ತು.
ನಾನೂರ ಹತ್ತೊಂಬತ್ತು
(ಹೆಸರಲ್ಲೇ ಹತ್ತೊಂಬತ್ತು ಇದೆಯಲ್ಲ, ಎದೆ ಡವಗುಟ್ಟಿತು)
ಶೇಷ ಇನ್ನೂರ ಇಪ್ಪತ್ತೈದು.

ಮೂವತ್ತನಾಲ್ಕು ವರ್ಷ ಆಕೆಯ ಕೆಲಸ
ಉಳಿದದ್ದನ್ನು ಸೊನ್ನೆಗೆ ತರುವುದಾಗಿತ್ತು.
ಹದಿಮೂರು ಕ್ರೋನರ್ ತಾಳೆಯಾಗದ ಒಂದು ಶನಿವಾರ
ರಾತ್ರಿ ಎರಡಕ್ಕೆ ಮನೆಗೆ ಹೋಗಿದ್ದಳು, ತಾಳೆ ಹಾಕಿಯೇ.
ಋಣಶೇಷ ಉಳಿಸಬಾರದು ಅನ್ನುತ್ತಾರೆ ನಮ್ಮ ಕಡೆ.
ಈಗ ಭಾಗಾಕಾರದ ಕೊನೆಯ ಸಾಲಿಗೆ ಬರುತ್ತಲೂ
ಆಕೆಯ ಪೆನ್ಸಿಲು ತಡವರಿಸುತ್ತದೆ:
ಉಳಿಯಲಿ, ಏನಾದರೂ ಒಂದಿಷ್ಟು ಉಳಿಯಲಿ.

ಅಂಚೆಯ ಐಲಿಫ್ ಬೂಟಿನ ಹಿಮ ಕೊಡವುತ್ತ ಒಳಬಂದು
ಫೋನು ಮುಂದೆ ಹಿಡಿದ.
‘ಅವಿಭಾಜ್ಯವೇ ಅಂತೆ. ನಮ್ಮಜ್ಜ ಹುಟ್ಟುವ ಮುಂಚೆಯೇ
ಯಾರೋ ಸಾಧಿಸಿಟ್ಟಿದ್ದಾರೆ.’
ಸಾಲದ್ದಕ್ಕೆ ಗುಣಿಸಿಯೂ ಹೇಳಿದ:
ವರ್ಗಮೂಲ ಮುಟ್ಟುವ ತನಕ
ಎರಡು ಕೋಟಿ ಎಪ್ಪತ್ತೇಳು ಲಕ್ಷ ಸರದಿ,
ದಿನಕ್ಕೊಂದಾದರೆ ಹತ್ತಿರ ಹತ್ತಿರ ಎಪ್ಪತ್ತಾರು ಸಾವಿರ ವರ್ಷ.

‘ಅಷ್ಟೇನೂ ಹಿಡಿಯೋದಿಲ್ಲ’ ಅಂದಳು ಟೋರ್ದಿಸ್, ಕಾಫಿ ಬಗ್ಗಿಸುತ್ತ.
‘ನೂರ ಐವತ್ತಮೂರು ಮೂರರ ಮಗ್ಗಿಯಲ್ಲೇ ಬಂತು, ಅದನ್ನು ಬಿಡು.
ಅಂಥವು ಬೇಕಾದಷ್ಟಿವೆ.’

ಅವನು ಕುಡಿದು ಹೋದ.
ಕಿಟಕಿಯಾಚೆ ಮಧ್ಯಾಹ್ನ, ಕಪ್ಪಗೆ.
ಇವತ್ತಿನ ಸರದಿ ನಾನೂರ ಐವತ್ತೇಳರದು.
ಒಂದೊಂದೇ ಒಂದನ್ನು ಕೆಳಗಿಳಿಸುತ್ತ
ಹದಿನಾಲ್ಕನೆಯದಕ್ಕೆ ಬಂದಿದ್ದಾಳೆ.
ಶೇಷ ನಾನೂರ ಐವತ್ತಾರು.
ಒಂದೇ ಒಂದು ಕಡಿಮೆ.
ಕನ್ನಡಕ ಒರೆಸಿಕೊಂಡಳು.
ಇನ್ನೂ ಐದು ಕಂಬ ಬಾಕಿ.